ಬೆಟ್ಟದ ಮರೆಯಲ್ಲಿ ಏಳುವ ಅಲೆ: ಗ್ಲೈಡರ್ ಹಾರಾಟದ ಟಿಪ್ಪಣಿ

ಎಂಜಿನ್ ಇಲ್ಲದ ಗ್ಲೈಡರ್ ತನ್ನ ಸುತ್ತಲಿನ ಗಾಳಿಯಲ್ಲಿ ಸದಾ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಅದು ಜಾರುವುದಕ್ಕಿಂತ ವೇಗವಾಗಿ ಆ ಗಾಳಿಯೇ ಮೇಲೇರುತ್ತಿದ್ದರೆ ಮಾತ್ರ ಎತ್ತರ ಗಳಿಸುತ್ತದೆ. ನಂದಿಬೆಟ್ಟದ ಅಂಚಿನಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ತೇಲುವುದಕ್ಕೂ ಕಾರಣ ಇದೇ. ಕಾದ ನೆಲದಿಂದ ಏಳುವ ಬಿಸಿಗಾಳಿಯೋ ಬಂಡೆಗೆ ಬಡಿದು ಮೇಲ್ಮುಖವಾಗುವ ಗಾಳಿಯೋ ಅವುಗಳನ್ನು ಹೊತ್ತಿರುತ್ತದೆ. ಪರ್ವತ ದಾಟಿದ ಗಾಳಿಯಲ್ಲಿ ಏಳುವ ‘ಪರ್ವತ ಅಲೆ’ ಇವೆರಡಕ್ಕಿಂತ ಬೇರೆ, ಏಕೆಂದರೆ ಅದು ಏಳುವುದು ಗಾಳಿ ಬಡಿಯುವ ಬದಿಯಲ್ಲಲ್ಲ, ಬೆಟ್ಟದ ಆಚೆಯ ಮರೆಯಲ್ಲಿ. ಓದುವಾಗ ನಾನು ಬಹಳ ದಿನ ತಡವರಿಸಿದ್ದು ಇಲ್ಲಿಯೇ.

ಚಿಕ್ಕಬಳ್ಳಾಪುರದ ಕಡೆ ಕೆರೆ ಕೋಡಿ ಬಿದ್ದಾಗ, ಕಾಲುವೆಯಲ್ಲಿ ಮುಳುಗಿದ ಕಲ್ಲೊಂದನ್ನು ದಾಟುವ ನೀರನ್ನು ನೋಡಿದ ಮೇಲೆ ನನಗೆ ವಿಷಯ ತಿಳಿಯಾಯಿತು. ಕಲ್ಲಿನ ಆಚೆ ತಗ್ಗಿಗಿಳಿದ ನೀರು ಮತ್ತೆ ಉಬ್ಬುತ್ತದೆ, ಮತ್ತೆ ತಗ್ಗುತ್ತದೆ. ನೀರು ಹರಿದುಹೋಗುತ್ತಲೇ ಇದ್ದರೂ ಉಬ್ಬು ಮಾತ್ರ ನಿಂತಲ್ಲೇ ನಿಂತಿರುತ್ತದೆ. ತೇಲಿಬಂದ ಹೊಂಗೆಯ ಎಲೆಯೊಂದು ಆ ಉಬ್ಬನ್ನು ಏರಿ ಇಳಿದು ಮುಂದೆ ಸಾಗಿತು.

ಗಾಳಿಯ ಪದರ ಸ್ಥಿರವಾಗಿದ್ದಾಗ, ಪರ್ವತ ಮೇಲಕ್ಕೆತ್ತಿದ ಗಾಳಿ ಸುತ್ತಲಿನದಕ್ಕಿಂತ ತಣ್ಣಗಾಗಿ ಭಾರವಾಗುವುದರಿಂದ ಕೆಳಕ್ಕೆ ಬೀಳುತ್ತದೆ, ತನ್ನ ಮಟ್ಟವನ್ನು ದಾಟಿ ಇಳಿದಾಗ ಸುತ್ತಲಿನದಕ್ಕಿಂತ ಬೆಚ್ಚಗಾಗಿ ಮತ್ತೆ ಏರುತ್ತದೆ. ಇದಕ್ಕೆ ಗಾಳಿ ಪರ್ವತಸಾಲಿಗೆ ಹೆಚ್ಚುಕಡಿಮೆ ಲಂಬವಾಗಿ ಬೀಸಬೇಕು, ಎತ್ತರಕ್ಕೆ ಹೋದಂತೆ ಅದರ ವೇಗ ಹೆಚ್ಚಬೇಕು. 1,478 ಮೀಟರ್ ಎತ್ತರದ ನಂದಿಯಂಥ ಒಂಟಿ ಬೆಟ್ಟವನ್ನು ಗಾಳಿ ಬದಿಯಿಂದಲೂ ಬಳಸಿಕೊಂಡು ಹೋಗಬಲ್ಲದು. ಆದ್ದರಿಂದಲೇ ದೊಡ್ಡ ಅಲೆಗಳಿಗೆ ಆಂಡಿಸ್, ಸಿಯೆರಾ ನೆವಾಡಾದಂಥ ಉದ್ದನೆಯ ಸಾಲುಗಳು ಹೆಸರಾಗಿವೆ.

ಅಲೆಯ ನೆತ್ತಿಯಲ್ಲಿ ಮಸೂರದಾಕಾರದ ಮೋಡ ಕದಲದೆ ನಿಲ್ಲುತ್ತದೆ, ಅಡಿಯಲ್ಲಿ ರೋಟರ್ ಎಂಬ ಉಗ್ರವಾದ ಸುಳಿಗಾಳಿ ಇರುತ್ತದೆ. ರೋಟರನ್ನು ಹಾದು ಮೇಲೆ ಬಂದ ಪೈಲಟ್‌ಗೆ ಅಲೆಯೊಳಗೆ ಸಿಗುವುದು ಅಚ್ಚರಿಯ ನಿಶ್ಚಲತೆ. ಗಾಳಿಗೆ ಎದುರಾಗಿ, ಗಾಳಿಯಷ್ಟೇ ವೇಗದಲ್ಲಿ ಹಾರಿದರೆ ಗ್ಲೈಡರ್ ನೆಲದ ಒಂದೇ ಬಿಂದುವಿನ ಮೇಲೆ ನಿಂತಂತೆ ಇದ್ದು ನೇರವಾಗಿ ಏರುತ್ತದೆ. ಈ ಹಾರಾಟದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ.

1933ರಲ್ಲಿ ಜರ್ಮನಿಯ ಗ್ಲೈಡರ್ ಪೈಲಟ್ ವೋಲ್ಫ್ ಹಿರ್ತ್ ಮತ್ತು ಅವರ ಜೊತೆಗಾರರು ಈ ಅಲೆಯನ್ನು ಗುರುತಿಸಿದರು. 1961ರಲ್ಲಿ ಅಮೆರಿಕದ ಪಾಲ್ ಬೈಕಲ್ ಗ್ಲೈಡರಿನಲ್ಲಿ 14,102 ಮೀಟರ್ ಎತ್ತರ ಮುಟ್ಟಿದರು. ಸಾಮಾನ್ಯವಾಗಿ ನೆಲಕ್ಕೆ ಹತ್ತಿರದ ವಾಯುಪದರವಾದ ಪರಿವರ್ತನ ಮಂಡಲದ ಮೇಲೆ ಗಾಳಿಯ ವೇಗ ತಗ್ಗಿ ಅಲೆ ಕುಂದುತ್ತದೆ; ಆದರೆ ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಪಟಗೋನಿಯಾದ ಚಳಿಗಾಲದಲ್ಲಿ ಧ್ರುವದ ಸುತ್ತ ಬೀಸುವ ಪ್ರಬಲ ಗಾಳಿ ಅಲೆಯನ್ನು ಅದರ ಮೇಲಿನ ಪದರವಾದ ಸಮೋಷ್ಣ ಮಂಡಲದೊಳಕ್ಕೂ ಒಯ್ಯುತ್ತದೆ. 2006ರಲ್ಲಿ ಸ್ಟೀವ್ ಫೊಸೆಟ್ ಮತ್ತು ಐನಾರ್ ಎನೆವೋಲ್ಡ್‌ಸನ್ ಅಲ್ಲಿ 15,000 ಮೀಟರ್ ದಾಟಿದರು. ಅವರನ್ನು ತಡೆದದ್ದು ಅಲೆಯ ಬಲ ಮುಗಿದುದಲ್ಲ. ತೆಳು ಗಾಳಿಯಲ್ಲಿ, ಮೈಸುತ್ತ ಗಾಳಿಯ ಒತ್ತಡವನ್ನು ಕಾಯುವ ಅವರ ಉಡುಪು ಉಬ್ಬಿ ಕಾಕ್‌ಪಿಟ್ಟನ್ನೇ ತುಂಬಿಕೊಂಡು ನಿಯಂತ್ರಣ ಕಷ್ಟವಾಯಿತು. ಆದ್ದರಿಂದ ಮುಂದಿನ ಪರ್ಲಾನ್-2 ಗ್ಲೈಡರಿನ ಕಾಕ್‌ಪಿಟ್‌ನಲ್ಲೇ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಮಾಡಲಾಯಿತು. 2018ರ ಸೆಪ್ಟೆಂಬರ್ 2ರಂದು ಅದು 76,124 ಅಡಿ, ಅಂದರೆ ಸುಮಾರು 23 ಕಿಲೋಮೀಟರ್ ಎತ್ತರ ತಲುಪಿತು. ಆ ಎತ್ತರದ ಒತ್ತಡದಲ್ಲಿ ನೀರು ನಮ್ಮ ಮೈಯ ಬಿಸಿಗೇ ಕುದಿಯುತ್ತದೆ.