ಕ್ಯಾಪಿಬಾರಾ ಹಂದಿಯಾ, ಇಲಿಯಾ?

ಪ್ರಶ್ನೆ: ಮೊಬೈಲಲ್ಲಿ ಕ್ಯಾಪಿಬಾರಾ ವಿಡಿಯೊ ನೋಡಿದೆ. ನೋಡೋಕೆ ಹಂದಿ ತರ ಇದೆ. ಆದರೆ ಕೆಳಗೆ ‘ಪ್ರಪಂಚದ ಅತಿ ದೊಡ್ಡ ಇಲಿ’ ಅಂತ ಬರೆದಿದ್ದರು. ಯಾವುದು ಸರಿ?

ಉತ್ತರ: ಹಂದಿ ಅಂತೂ ಅಲ್ಲ. ಇಲಿ ಅನ್ನೋದು ಅರ್ಧ ಸರಿ. ಇಲಿ, ಹೆಗ್ಗಣ, ಅಳಿಲು ಎಲ್ಲ ಸೇರಿದ ದೊಡ್ಡ ಗುಂಪಿಗೆ ದಂಶಕಗಳು ಅಂತ ಹೆಸರು. ಅಂದರೆ ಕಡಿದು ಕೊರೆಯುವ ಪ್ರಾಣಿಗಳು. ಕ್ಯಾಪಿಬಾರಾ ಆ ಗುಂಪಿನದು, ಈಗ ಬದುಕಿರುವ ದಂಶಕಗಳಲ್ಲಿ ಎಲ್ಲಕ್ಕಿಂತ ದೊಡ್ಡದು. 50 ಕೆ.ಜಿ. ತೂಗುವುದು ಸಾಮಾನ್ಯ. ಆದರೆ ನಮ್ಮನೆ ಅಟ್ಟದ ಇಲಿಗೆ ಅದು ಬಹಳ ದೂರದ ನೆಂಟ. ಇಲಿಗಿಂತ ಹತ್ತಿರದ ನೆಂಟ ನಮ್ಮ ಕಾಡು, ತೋಟಗಳಲ್ಲೇ ಓಡಾಡುತ್ತದೆ: ಮುಳ್ಳುಹಂದಿ!

ಈ ಪ್ರಾಣಿಗಳನ್ನು ಕಂಡವರಿಗೆಲ್ಲ ಯಾಕೋ ಹಂದಿಯೇ ನೆನಪಾಗಿದೆ. ನಾವು ಮುಳ್ಳುಹಂದಿ ಅಂದೆವು. ಮನೆಯಲ್ಲಿ ಸಾಕುವ ಪುಟ್ಟ ದಂಶಕವೊಂದನ್ನು ಇಂಗ್ಲಿಷಿನವರು ಗಿನಿ ಪಿಗ್ ಅಂದರು. ಜೀವಿಗಳಿಗೆಲ್ಲ ಹೆಸರಿಟ್ಟು ವಿಂಗಡಿಸಿದ ಲಿನೇಯಸ್ ಕೂಡ 1766ರಲ್ಲಿ ಕ್ಯಾಪಿಬಾರಾವನ್ನು ಹಂದಿಗಳ ಸಾಲಿಗೇ ಸೇರಿಸಿದ್ದ. ಅದಕ್ಕೂ ಮೊದಲು, 1758ರಲ್ಲಿ, ಗಿನಿ ಪಿಗ್ಗನ್ನು ಇಲಿಗಳ ಜೊತೆ ಇಟ್ಟಿದ್ದ. ಈಗ ಅವೆರಡೂ ಒಂದೇ ಕುಟುಂಬ.

ಯಾರ ಮನೆಯಲ್ಲಾದರೂ ಗಿನಿ ಪಿಗ್ ಇದ್ದರೆ ಒಮ್ಮೆ ಕೈಗೆತ್ತಿಕೊಂಡು ಕಾಲು ನೋಡಿ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಕ್ಯಾಪಿಬಾರಾಗೂ ಅಷ್ಟೇ, ಈಜುವುದಕ್ಕೆ ನಡುವೆ ಸ್ವಲ್ಪ ಚರ್ಮ ಜಾಸ್ತಿ. ಬಾಯಿ ನೋಡಿದರೆ ಮೇಲೆರಡು, ಕೆಳಗೆರಡು ಉಳಿಯಂಥ ಹಲ್ಲು. ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಹಂದಿಗಿರುವ ಕೋರೆಹಲ್ಲು ಇಲ್ಲವೇ ಇಲ್ಲ, ಆ ಜಾಗ ಖಾಲಿ. ದಂಶಕದ ಗುರುತು ಇದೇ.

ಮುಳ್ಳುಹಂದಿಯ ನೆಂಟಸ್ತಿಕೆ ಗೊತ್ತಾಗಬೇಕಾದರೆ ತಲೆಬುರುಡೆ ನೋಡಬೇಕು. ಕಣ್ಣಿನ ಗೂಡಿನ ಮುಂದೆ ಒಂದು ತೂತು ಇರುತ್ತದೆ. ಅಳಿಲಿನಲ್ಲಿ ಅದು ತೀರಾ ಚಿಕ್ಕದು. ಮುಳ್ಳುಹಂದಿಯಲ್ಲಿ ಬೆರಳು ತೂರಿಸಬಹುದು, ಅಷ್ಟು ದೊಡ್ಡದು. ದವಡೆಯನ್ನು ಎಳೆಯುವ ಸ್ನಾಯು ಈ ತೂತಿನೊಳಗಿಂದ ಹಾದು ಮೂತಿಯ ಪಕ್ಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಗಿನಿ ಪಿಗ್, ಕ್ಯಾಪಿಬಾರಾಗಳಲ್ಲೂ ಇದೇ ಏರ್ಪಾಡು. ಮರಿಗಳನ್ನು ನೋಡಿದರೂ ಗೊತ್ತಾಗುತ್ತದೆ. ಮನೆಯ ಸುಂಡಿಲಿ 20 ದಿನಕ್ಕೇ ಕಣ್ಣು ಮುಚ್ಚಿದ, ಕೂದಲಿಲ್ಲದ ಮರಿ ಹಾಕುತ್ತದೆ. ಗಿನಿ ಪಿಗ್ ಎರಡು ತಿಂಗಳ ಮೇಲೆ ಬಸಿರಿದ್ದು, ಕಣ್ಣು ಬಿಟ್ಟ, ಮೈತುಂಬ ಕೂದಲಿರುವ ಮರಿ ಹಾಕುತ್ತದೆ.

ಕ್ಯಾಪಿಬಾರಾ, ಗಿನಿ ಪಿಗ್ ಎರಡರ ತವರೂ ದಕ್ಷಿಣ ಅಮೆರಿಕಾ. ಹಾಗಾದರೆ ಇವು ಅಲ್ಲಿಗೆ ಹೋಗಿದ್ದು ಹೇಗೆ? ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಡಿಎನ್‌ಎ ನೋಡಿದರೆ ಇವುಗಳ ಅತಿ ಹತ್ತಿರದ ಬಂಧುಗಳೆಲ್ಲ ಆಫ್ರಿಕಾದಲ್ಲಿವೆ. ಪೆರುವಿನ ಅಮೆಜಾನ್ ಭಾಗದಲ್ಲಿ ಸಿಕ್ಕ ಇವುಗಳ ಪೂರ್ವಜರ ಪುಟಾಣಿ ಹಲ್ಲುಗಳಿಗೆ ಸುಮಾರು 4 ಕೋಟಿ ವರ್ಷ ವಯಸ್ಸು. ಆಗಲೇ ಎರಡು ಖಂಡಗಳ ನಡುವೆ ಸಮುದ್ರ ಇತ್ತು, ಆದರೆ ಈಗಿನಷ್ಟು ಅಗಲ ಇರಲಿಲ್ಲ. ನದಿಯ ಪ್ರವಾಹದಲ್ಲಿ ಕಿತ್ತುಬಂದ ಮರ, ಬಳ್ಳಿ, ಮಣ್ಣಿನ ರಾಶಿಯ ಮೇಲೆ ಕೂತು ತೇಲಿಕೊಂಡು ಬಂದವು ಅನ್ನೋದು ಹೆಚ್ಚಿನ ವಿಜ್ಞಾನಿಗಳು ಒಪ್ಪಿರುವ ಮಾತು.

ಇವು ದಡ ಸೇರಿದ ದಕ್ಷಿಣ ಅಮೆರಿಕಾ ಆಗ ದೊಡ್ಡ ದ್ವೀಪದ ಹಾಗೆ ಇತ್ತು. ಅಲ್ಲಿ ಮೊಲ ಇಲ್ಲ, ಜಿಂಕೆ ಇಲ್ಲ. ಆ ಖಾಲಿ ಜಾಗಗಳಿಗೆಲ್ಲ ಇವೇ ಹಬ್ಬಿದವು. ಅರ್ಜೆಂಟೀನಾದ ಬಯಲಲ್ಲಿ ಉದ್ದ ಕಾಲಿನ ಮಾರಾ ಮೊಲದ ಹಾಗೆ ಓಡುತ್ತದೆ. ಚಿಲಿಯ ಬೆಟ್ಟದ ಬಂಡೆಗಳ ಸಂದಿಯಲ್ಲಿ ರೇಷ್ಮೆಯಂಥ ಕೂದಲಿನ ಚಿಂಚಿಲಾ. ತುಕೊ-ತುಕೊ ಮಣ್ಣೊಳಗೇ ಬಿಲ ತೋಡಿಕೊಂಡು ಬದುಕುತ್ತದೆ. ಅಮೆಜಾನ್ ಕಾಡಿನ ಅಗೂಟಿ, ಕಲ್ಲಿನಂಥ ಬ್ರೆಜಿಲ್ ನಟ್ ಕಾಯಿಯನ್ನು ಕೊರೆದು ಒಡೆಯುತ್ತದೆ. ತಿಂದು ಉಳಿದ ಬೀಜವನ್ನು ಅಲ್ಲಲ್ಲಿ ಹೂತಿಡುತ್ತದೆ. ಮರೆತು ಬಿಟ್ಟದ್ದು ಮೊಳೆತು ಮರವಾಗುತ್ತದೆ. ಕ್ಯಾಪಿಬಾರಾ ಇರುವುದು ಆಂಡಿಸ್ ಬೆಟ್ಟಸಾಲಿನ ಪೂರ್ವಕ್ಕೆ, ನೀರು ಮತ್ತು ಹುಲ್ಲು ಎರಡೂ ಇರುವ ಕಡೆ: ವೆನಿಜುವೆಲಾದ ಬಯಲು, ಬ್ರೆಜಿಲ್‌ನ ಪಂಟನಾಲ್ ಜೌಗು ಪ್ರದೇಶ. ಅದರದೇ ಇನ್ನೊಂದು ಸಣ್ಣ ಜಾತಿ ಪನಾಮಾದವರೆಗೂ ಇದೆ. ಹಿಂದೆ ಇದಕ್ಕಿಂತ ದೊಡ್ಡವೂ ಇದ್ದವು. ಉರುಗ್ವೆಯಲ್ಲಿ ಸಿಕ್ಕ, 2008ರಲ್ಲಿ ಹೆಸರು ಪಡೆದ ಒಂದು ದಂಶಕದ ಬುರುಡೆಯೇ ಅರ್ಧ ಮೀಟರಿಗಿಂತ ಉದ್ದ.

ಅಲ್ಲಿ ನಿಜವಾದ ಇಲಿಗಳೂ ಇವೆ, 400ಕ್ಕಿಂತ ಜಾಸ್ತಿ ಜಾತಿ. ಅವು ಬಹಳ ತಡವಾಗಿ, ಉತ್ತರ ಅಮೆರಿಕಾದ ಕಡೆಯಿಂದ ಬಂದವು. ಹಾಗಾಗಿ ಪೆರುವಿನ ಒಂದೇ ಗುಡ್ಡದ ಹುಲ್ಲಿನಲ್ಲಿ ಕಾಡು ಗಿನಿ ಪಿಗ್ಗೂ ಇಲಿಯೂ ಅಕ್ಕಪಕ್ಕ ಓಡಾಡುತ್ತಿದ್ದರೆ, ಇಲಿ ನಮ್ಮ ಅಟ್ಟದ ಇಲಿಯ ಕಡೆಯದು, ಗಿನಿ ಪಿಗ್ ನಮ್ಮ ಮುಳ್ಳುಹಂದಿಯ ಕಡೆಯದು.