ಹಳೆಯ ಚಿತ್ರಕ್ಕೆ ಹೊಸ ಬೀಗ

ಹಾಲು ಸುರಿಯುತ್ತ ನಿಂತ ಹೆಂಗಸು. 17ನೇ ಶತಮಾನದಲ್ಲಿ ಡಚ್ ಕಲಾವಿದ ವರ್ಮೀರ್ ಬಿಡಿಸಿದ ಈ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಇದರ ಹಳದಿಗೆ ತಿರುಗಿದ ಕೆಟ್ಟ ಪ್ರತಿಗಳು ಇಂಟರ್ನೆಟ್ ತುಂಬ ಹರಡಿದ್ದವು. ಎಷ್ಟರಮಟ್ಟಿಗೆ ಅಂದರೆ, ಮ್ಯೂಸಿಯಂನ ಅಂಗಡಿಯಲ್ಲಿ ಸರಿಯಾದ ಬಣ್ಣದ ಪೋಸ್ಟ್‌ಕಾರ್ಡ್ ನೋಡಿದವರು ಅದೇ ತಪ್ಪು ಅಂದುಕೊಳ್ಳುತ್ತಿದ್ದರು. ಒಳ್ಳೆಯ ಪ್ರತಿಗಳಿಗೆ ಬೀಗ ಹಾಕಿ ಉಪಯೋಗವಿಲ್ಲ ಅಂತ ಮ್ಯೂಸಿಯಂಗೆ ಮನವರಿಕೆಯಾಯಿತು. 2012ರಲ್ಲಿ ಸುಮಾರು 1,25,000 ಚಿತ್ರಗಳ ಒಳ್ಳೆಯ ಪ್ರತಿಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2017ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 3,75,000 ಚಿತ್ರಗಳನ್ನು ತೆರೆದಿಟ್ಟಿತು.

ಎಲ್ಲರೂ ಹೀಗೆ ಮಾಡಲಿಲ್ಲ. ಚಿತ್ರದ ಕಾಪಿರೈಟ್ ಮುಗಿದಿರಬಹುದು, ಆದರೆ ನಾವು ತೆಗೆದ ಫೋಟೊ ನಮ್ಮದು ಅನ್ನುವುದು ಹಲವು ಮ್ಯೂಸಿಯಂಗಳ ವಾದ. ಇದ್ದದ್ದನ್ನು ಇದ್ದಂತೆ ತೋರಿಸುವ ಫೋಟೊದಲ್ಲಿ ಹೊಸ ಸೃಷ್ಟಿ ಏನಿದೆ ಅಲ್ವಾ? 1999ರಲ್ಲೇ ನ್ಯೂಯಾರ್ಕ್‌ನ ಫೆಡರಲ್ ಕೋರ್ಟು ಈ ವಾದವನ್ನು ತಳ್ಳಿಹಾಕಿತ್ತು. ಆದರೆ ವಿಕಿಪೀಡಿಯಾದ ಚಿತ್ರಭಂಡಾರವಾದ ವಿಕಿಮೀಡಿಯಾದಲ್ಲಿ ಹಾಕಿದ್ದ ಫೋಟೊಗಳ ವಿಷಯದಲ್ಲಿ ಜರ್ಮನಿಯ ಸರ್ವೋಚ್ಚ ಕೋರ್ಟು 2018ರಲ್ಲಿ ಮ್ಯಾನ್‌ಹೈಮ್‌ನ ಮ್ಯೂಸಿಯಂ ಪರ ನಿಂತಿತು. ಮರುವರ್ಷ ಐರೋಪ್ಯ ಒಕ್ಕೂಟ ಕಾನೂನನ್ನೇ ಬದಲಿಸಿತು: ಕಾಪಿರೈಟ್ ಮುಗಿದ ಕಲಾಕೃತಿಯ ಯಥಾವತ್ ಪ್ರತಿಗೆ ಹೊಸ ಹಕ್ಕಿಲ್ಲ.

ಅಲ್ಲಿಗೂ ಜಗಳ ನಿಲ್ಲಲಿಲ್ಲ. ಹಳೆಯ ಕಲಾಕೃತಿಗಳ ಚಿತ್ರವನ್ನು ವ್ಯಾಪಾರಕ್ಕೆ ಬಳಸಿದರೆ ಶುಲ್ಕ ಕೇಳುವ ತನ್ನ ಪರಂಪರೆಯ ಕಾನೂನು ಹಿಡಿದು ಇಟಲಿ, ಲಿಯೊನಾರ್ಡೊ ಡಾ ವಿಂಚಿ ಬಿಡಿಸಿದ ವೃತ್ತದೊಳಗಿನ ಮನುಷ್ಯನ ಚಿತ್ರವನ್ನು ಪಜಲ್ ಮಾಡಿ ಮಾರಿದ ಜರ್ಮನ್ ಕಂಪನಿ ರಾವೆನ್ಸ್‌ಬರ್ಗರ್ ಮೇಲೆ ಕೇಸು ನಡೆಸಿತು. ಲಿಯೊನಾರ್ಡೊ ತೀರಿಕೊಂಡದ್ದು 1519ರಲ್ಲಿ! ಮ್ಯೂಸಿಯಂ ನಡೆಸಲು ದುಡ್ಡು ಬೇಕು, ಒಪ್ಪುತ್ತೇನೆ. ಅದನ್ನು ಸರ್ಕಾರ ಕೊಡಲಿ. ಐನೂರು ವರ್ಷದ ಹಿಂದಿನ ಗೆರೆಗೆ ಬಾಡಿಗೆ ಕೇಳುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ.

ಈ ಪ್ರಶ್ನೆ ಈಗ ನಮ್ಮ ಬಾಗಿಲಿಗೂ ಬಂದಿದೆ. ಮೈಸೂರು ಅರಮನೆಯ ಕಲಾವಿದ ಕೆ. ವೆಂಕಟಪ್ಪ ತೀರಿಕೊಂಡದ್ದು 1965ರಲ್ಲಿ. ನಮ್ಮ ಕಾನೂನಿನಲ್ಲಿ ಕಲಾವಿದ ಸತ್ತ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಅಂದರೆ ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳಿಗೆ 2025ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯಿತು. ಇನ್ನು ಯಾರು ಬೇಕಾದರೂ ಪಠ್ಯಪುಸ್ತಕಕ್ಕೋ ಕ್ಯಾಲೆಂಡರಿಗೋ ಬಳಸಬಹುದು. ಆದರೆ ಆ ಮಂಜು, ಆ ತೆಳು ನೀಲಿ ಸರಿಯಾಗಿ ಕಾಣಬೇಕಾದರೆ ಒಳ್ಳೆಯ ಫೋಟೊ ಬೇಕು. ಅದನ್ನು ತೆಗೆಯುವ ಅನುಕೂಲ ಇರುವುದು ಚಿತ್ರ ಇಟ್ಟುಕೊಂಡವರಿಗೆ. ಯುರೋಪಿನ 2019ರ ನಿಯಮದಂಥದ್ದು ನಮ್ಮ ಕಾಪಿರೈಟ್ ಕಾಯಿದೆಯಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ನಡೆಸುವುದು ಸರ್ಕಾರ. ಅಲ್ಲಿನ ಚಿತ್ರಗಳ ದೊಡ್ಡ ಅಳತೆಯ ಪ್ರತಿಗಳನ್ನು ಶುಲ್ಕ, ಅರ್ಜಿ ಯಾವುದೂ ಇಲ್ಲದೆ ಜನರಿಗೆ ಕೊಡಲು ಒಂದು ಸರ್ಕಾರಿ ಆದೇಶ ಸಾಕು.