ರಾತ್ರಿ ಒಂದೂವರೆಗೆ ಸ್ಟೇಷನ್ ಫೋನ್ ಎತ್ತುವವರು ಯಾರು?

ಅಮೆರಿಕದಲ್ಲಿ ರೇಡಿಯೊ ಕೇಳುವವರಿಗೆಲ್ಲ ಆ ಸದ್ದು ಗೊತ್ತು. ಹಾಡಿನ ಮಧ್ಯೆ ಮೂರು ಸಲ ಗರಗರ, ಆಮೇಲೆ ಕಿವಿ ಚುಚ್ಚುವ ಉದ್ದನೆಯ ಪೀಪಿ. ಅಪಾಯ ಬಂದಾಗ ಜನರನ್ನು ಎಚ್ಚರಿಸುವ ಸದ್ದು ಅದು. ಆ ಸದ್ದು ಹೊರಡಿಸುವ ಪೆಟ್ಟಿಗೆಯನ್ನು ನೋಡಿಕೊಳ್ಳುವುದು ಸ್ಟೇಷನ್ ಎಂಜಿನಿಯರ್ ಆಗಿ ನನ್ನ ಕೆಲಸ. ಹೊಸಬರು ಸೇರಿದಾಗ ಪೆಟ್ಟಿಗೆ ತೋರಿಸುವ ಮೊದಲು ಮೈನಾಟ್‌ನಲ್ಲಿ ಆದದ್ದನ್ನು ಹೇಳುತ್ತೇನೆ.

ಮೈನಾಟ್ ನಾರ್ತ್ ಡಕೋಟ ರಾಜ್ಯದ ಒಂದು ಊರು. 2002ರ ಜನವರಿ 18, ರಾತ್ರಿ 1 ಗಂಟೆ 37 ನಿಮಿಷ. ಊರಿನ ಅಂಚಿನಲ್ಲಿ ಗೂಡ್ಸ್ ರೈಲಿನ 112 ಬೋಗಿಗಳಲ್ಲಿ 31 ಹಳಿ ತಪ್ಪಿದವು. ಹಳಿ ಜೋಡಿಸುವ ಪಟ್ಟಿ ಬಿರುಕು ಬಿಟ್ಟಿದ್ದನ್ನು ಯಾರೂ ಸಮಯಕ್ಕೆ ಹಿಡಿದಿರಲಿಲ್ಲ. ಐದು ಟ್ಯಾಂಕರ್‌ಗಳು ಒಡೆದವು. ಒಳಗಿದ್ದದ್ದು ಹೊಲಕ್ಕೆ ಗೊಬ್ಬರವಾಗಿ ಹಾಕುವ ಅಮೋನಿಯ. ಅದು ಬಿಳಿ ಮೋಡವಾಗಿ ಮನೆಗಳ ಮೇಲೆ ಕವಿಯಿತು. ಕರೆಂಟೂ ಹೋಯಿತು. ಆ ಮೋಡದ ಅಡಿಯಲ್ಲಿ ಸುಮಾರು 11,600 ಜನರಿದ್ದರು.

ಅಂಥ ಹೊತ್ತಲ್ಲಿ ಹೊರಗೆ ಓಡಬಾರದು. ಕಿಟಕಿ ಮುಚ್ಚಿ ಒಳಗೇ ಇರಬೇಕು, ಒದ್ದೆ ಬಟ್ಟೆ ಮೂಗಿಗೆ ಹಿಡಿಯಬೇಕು. ಅಮೋನಿಯ ನೀರಿನಲ್ಲಿ ಬೇಗ ಕರಗುತ್ತದೆ. ಹೇಳಬೇಕಾದ ಮಾತು ಇಷ್ಟೇ ಇತ್ತು. ಜನ ಕತ್ತಲಲ್ಲಿ ಬ್ಯಾಟರಿ ರೇಡಿಯೊ ಹಾಕಿದರು. ಹಾಡು ಬರುತ್ತಿತ್ತು. ಆ ರಾತ್ರಿ ಒಬ್ಬರು ಸತ್ತರು, ಗಾಡಿ ಹತ್ತಿ ತಪ್ಪಿಸಿಕೊಳ್ಳಲು ಹೊರಟವರು. 300ಕ್ಕೂ ಹೆಚ್ಚು ಜನಕ್ಕೆ ಗಾಯ.

ಊರಿನ ಆರೂ ಕಮರ್ಷಿಯಲ್ ಸ್ಟೇಷನ್‌ಗಳು ಆಗ ಕ್ಲಿಯರ್ ಚಾನೆಲ್ ಕಂಪನಿಯ ಕೈಲಿದ್ದವು. 1996ರ ಕಾನೂನು ಒಬ್ಬರೇ ಎಷ್ಟು ಸ್ಟೇಷನ್ ಬೇಕಾದರೂ ಕೊಳ್ಳಬಹುದು ಎಂದಿತು. ಒಂದೇ ಊರಿನೊಳಗೆ ಮಾತ್ರ ಮಿತಿ ಉಳಿಯಿತು. ನೋಡನೋಡುತ್ತ ಆ ಕಂಪನಿಯ ಹತ್ತಿರ ದೇಶದಲ್ಲಿ 1,200 ಸ್ಟೇಷನ್ ಆದವು. ಫೋನ್ ಮಾಡಿದರೆ ಸ್ಟೇಷನ್‌ನವರು ಸಿಗಲಿಲ್ಲ ಎಂದರು ಪೊಲೀಸರು. ನಮ್ಮ ಆಳು ಒಳಗೇ ಇದ್ದ, ಪೊಲೀಸರಿಗೆ ಎಚ್ಚರಿಕೆಯ ಯಂತ್ರ ನಡೆಸಲು ಬರಲಿಲ್ಲ ಎಂದಿತು ಕಂಪನಿ. ಯಾರ ಮಾತು ಎಷ್ಟು ನಿಜ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಇಬ್ಬರ ಹತ್ತಿರವೂ ಯಂತ್ರವಿತ್ತು. ಇಬ್ಬರೂ ಕೂತು ಒಂದು ರಾತ್ರಿ ಅದನ್ನು ಸೇರಿ ಪರೀಕ್ಷಿಸಿದ್ದರೆ ಕೊರತೆ ಅಂದೇ ಗೊತ್ತಾಗುತ್ತಿತ್ತು, ಅಲ್ವಾ?

ಈಗ ಪೆಟ್ಟಿಗೆಯ ವಿಷಯ. ಆ ಗರಗರ ಸುಮ್ನೆ ಸದ್ದಲ್ಲ, ಅದು ವಿಳಾಸ. ಯಾವ ಅಪಾಯ, ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಎಷ್ಟು ಹೊತ್ತು, ಎಲ್ಲ ಅದರೊಳಗಿದೆ. ಪೀಪಿ ಎಂದರೆ 853 ಮತ್ತು 960 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ. ಮಾತಿಗೆ ಸಿಗುವುದು ಎರಡೇ ನಿಮಿಷ. ನಮ್ಮ ಪೆಟ್ಟಿಗೆ ಕನಿಷ್ಠ ಎರಡು ಬೇರೆ ಮೂಲಗಳಿಗೆ ಸದಾ ಕಿವಿಗೊಟ್ಟಿರುತ್ತದೆ. ಅವು ಕೂಗಿದರೆ ಇದೂ ಕೂಗುತ್ತದೆ. ಆದರೆ ಕಡ್ಡಾಯ ಇರುವುದು ಇಡೀ ದೇಶದ ಎಚ್ಚರಿಕೆಗೆ ಮತ್ತು ಟೆಸ್ಟ್‌ಗಳಿಗೆ. ನಿಮ್ಮ ಊರಿನ ರೈಲು, ಹೊಳೆ, ಬೆಂಕಿಯ ಎಚ್ಚರಿಕೆ ಹಾಕುವುದು ಬಿಡುವುದು ಸ್ಟೇಷನ್‌ಗೆ ಬಿಟ್ಟದ್ದು. ಇದನ್ನು ಹೇಳಿದಾಗ ಗೆಳೆಯರು ನಂಬುವುದೇ ಇಲ್ಲ.

ಈಗ ಫೋನಿಗೇ ಎಚ್ಚರಿಕೆ ಬರುತ್ತದಲ್ಲ ಎನ್ನುತ್ತಾರೆ. ಹೌದು, 2012ರಿಂದ ಬರುತ್ತಿದೆ, ಒಳ್ಳೆಯದೇ. ಜಾಸ್ತಿ ಎಂದರೆ 360 ಅಕ್ಷರ. ಗಾಳಿ ಯಾವ ಕಡೆ ತಿರುಗಿತು, ಯಾವ ಸೇತುವೆ ಮುಚ್ಚಿದೆ, ಅಜ್ಜಿಯನ್ನು ಯಾವ ಶಾಲೆಗೆ ಕರೆದೊಯ್ಯಬೇಕು, ಇದನ್ನು ಬೆಳಗಾಗುವ ತನಕ ಹೇಳುತ್ತಲೇ ಇರಲು ಬೀದಿ ಹೆಸರು ಗೊತ್ತಿರುವ ಮನುಷ್ಯ ಬೇಕು.

ನಮ್ಮಲ್ಲಿ ವಾರದ ಟೆಸ್ಟ್ ಆದ ಮೇಲೆ ನಾನು 911 ಕೋಣೆಗೆ, ಅಂದರೆ ಜನರ ತುರ್ತು ಕರೆ ಎತ್ತುವ ಕಡೆಗೆ, ಫೋನ್ ಮಾಡುತ್ತೇನೆ. ಅವರ ಹತ್ತಿರ ಇರುವ ನಮ್ಮ ರಾತ್ರಿ ನಂಬರ್ ಸರಿಯಿದೆಯೇ ಎಂದು ಕೇಳುತ್ತೇನೆ. ಒಮ್ಮೆ ಅವರ ಪಟ್ಟಿಯಲ್ಲಿ ನಮ್ಮ ಕೆಲಸ ಬಿಟ್ಟು ಹೋದವರೊಬ್ಬರ ನಂಬರ್ ಇತ್ತು. ನೀವಿರುವ ಕೌಂಟಿಯ ಎಮರ್ಜೆನ್ಸಿ ಕಚೇರಿಗೆ ಒಂದು ಕರೆ ಮಾಡಿ. ರಾತ್ರಿ ಏನಾದರೂ ಆದರೆ ಯಾವ ಸ್ಟೇಷನ್ ಕೇಳಬೇಕು, ಆಗ ಅಲ್ಲಿ ಆಳಿರುತ್ತಾರಾ ಎಂದು ಕೇಳಿ.